ಕಿಟಕಿಯ ಪಕ್ಕದ ಹುಡುಗ

ರಾತ್ರಿಯಿಡೀ ಎದ್ದಿರುವುದು ನಮ್ಮ ಕರಾವಳಿಯವರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಚೌಕಿಪೂಜೆಯಿಂದ ಮಂಗಳದವರೆಗೆ ಯಕ್ಷಗಾನ ನೋಡಿದವರು, ಕಂಬಳದ ಕರೆಯ ಬದಿಯಲ್ಲಿ ನಿಂತೇ ತೂಕಡಿಸಿದವರು ಇಲ್ಲಿ ಮನೆಮನೆಗೂ ಸಿಗುತ್ತಾರೆ. ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟದ ಫೈನಲ್ಲು ನಡುರಾತ್ರಿಗೆ ಮುಂಚೆ ಶುರುವಾದರೆ ಅದನ್ನು ಪಂದ್ಯಾಟವೆಂದು ಯಾರೂ ಒಪ್ಪುವುದಿಲ್ಲ. ಇಂಥ ಊರಿನಲ್ಲಿ, ಚರ್ಚಿನ ಯುವಜನರನ್ನು ಒಂದು ಶನಿವಾರ ರಾತ್ರಿ ಸಭಾಂಗಣದಲ್ಲೇ ಉಳಿಸಿಕೊಂಡು ಆಟ, ಹಾಡು, ವೇದಾಧ್ಯಯನ ಮಾಡಿಸೋಣ ಅಂದರೆ ಮಾತ್ರ ಕಮಿಟಿಯ ಹಿರಿಯರೆಲ್ಲ ಒಮ್ಮೆಗೇ ವೈದ್ಯರಾಗಿಬಿಡುತ್ತಾರೆ. ನಿದ್ದೆಗೆಟ್ಟರೆ ಪಿತ್ತ, ಮಂಜಿಗೆ ಶೀತ, ಬೆಳಗ್ಗಿನ ಆರಾಧನೆಯಲ್ಲಿ ಆಕಳಿಕೆ. ಹೀಗೆ ಹೇಳಿದವರಲ್ಲಿ ಒಬ್ಬರು ತಮ್ಮ ಕಾಲದಲ್ಲಿ ಮೇಳದ ಹಿಂದೆ ಊರೂರು ಸುತ್ತಿದವರು ಎಂಬುದು ಎಲ್ಲರಿಗೂ ಗೊತ್ತು.

ನಾನು ಯುವಜನ ಸಂಘದ ಸಲಹೆಗಾರ. ಅಂದರೆ ಯೌವನ ಕಳೆದಿದ್ದರೂ ಹಾಲಿನ ಕೀಲಿಕೈ ಕಳೆಯದವನು. ಆ ಅರ್ಹತೆಯ ಮೇಲೆ ರಾತ್ರಿ ಶಿಬಿರದ ಯೋಜನೆ ನನ್ನ ಪಾಲಿಗೆ ಬಂತು. ಹೆಣ್ಣುಮಕ್ಕಳಿಗೆ ಬೇರೆ ಕೋಣೆ, ಅವರ ಜೊತೆ ಸ್ತ್ರೀಯರ ಸಂಘದ ಇಬ್ಬರು; ಪ್ರತಿ ಮನೆಯಿಂದ ಸಹಿ ಹಾಕಿದ ಒಪ್ಪಿಗೆ ಪತ್ರ; ಹತ್ತು ಗಂಟೆಗೆ ಗೇಟಿಗೆ ಬೀಗ; ಚಾಪೆ, ಸೊಳ್ಳೆಬತ್ತಿ, ಕರೆಂಟು ಹೋದರೆ ಇನ್ವರ್ಟರು. ಇವೆಲ್ಲ ಬೇಗ ಮುಗಿದವು. ತಲೆಬಿಸಿಯಾದದ್ದು ದಿನ ಗೊತ್ತುಮಾಡುವಾಗ. ಪಿಯುಸಿ ಪರೀಕ್ಷೆ, ಸಿಇಟಿ, ಇಂಜಿನಿಯರಿಂಗಿನವರ ಇಂಟರ್ನಲ್ಸ್, ಆರ್‌ಸಿಬಿ ಆಡುವ ಸಂಜೆ, ಮದುವೆಗಳು, ರೋಸುಗಳು, ಇಷ್ಟನ್ನೂ ಬಿಟ್ಟರೆ ಉಳಿಯುವುದು ಮಳೆಗಾಲ. ಮಳೆಗಾಲದಲ್ಲಿ ಅಂಗಳದ ಆಟವಿಲ್ಲ.

ಪಂಚಾಂಗ ನೋಡಿ ಕೂಟ ಇಟ್ಟವರು ನಮಗಿಂತ ಮೊದಲೂ ಇದ್ದರು. ಇಂಗ್ಲೆಂಡಿನ ಬ್ರಿಸ್ಟಲ್ ಬಳಿ ಕಿಂಗ್ಸ್‌ವುಡ್ ಎಂಬಲ್ಲಿ ಕಲ್ಲಿದ್ದಲು ಗಣಿಗಳಿದ್ದವು. ಅಲ್ಲಿನ ಕೆಲಸಗಾರರಿಗೆ ಶನಿವಾರದ ರಾತ್ರಿಯೆಂದರೆ ಹೆಂಡದಂಗಡಿ. 1740ರ ದಶಕದಲ್ಲಿ, ಜಾನ್ ವೆಸ್ಲಿಯ ಉಪದೇಶಕ್ಕೆ ಒಲಿದ ಮೇಲೆ, ಅವರಲ್ಲಿ ಹಲವರು ಕುಡಿತ ಬಿಟ್ಟರು. ಆದರೆ ರಾತ್ರಿ ಎದ್ದಿರುವ ಅಭ್ಯಾಸ ಎಲ್ಲಿಗೆ ಹೋಗಬೇಕು? ಒಟ್ಟಾಗಿ ಕೂತು ನಡುರಾತ್ರಿ ದಾಟುವವರೆಗೆ ಪ್ರಾರ್ಥನೆ ಮಾಡಿದರು, ಹಾಡಿದರು. ಇದು ಅತಿಯಾಯಿತು, ನಿಲ್ಲಿಸಿ ಎಂದು ವೆಸ್ಲಿಗೆ ದೂರು ಹೋಯಿತು; ಕಮಿಟಿಯವರು ಎಲ್ಲ ಕಾಲಕ್ಕೂ ಇರುತ್ತಾರೆ. ವೆಸ್ಲಿ ನಿಲ್ಲಿಸಲಿಲ್ಲ, ತಾನೇ ಬಂದು ಸೇರಿಕೊಂಡ. ಆಮೇಲೆ ಅದಕ್ಕೊಂದು ಕ್ರಮ ಹಾಕಿದ: ಹುಣ್ಣಿಮೆಗೆ ಹತ್ತಿರದ ಶುಕ್ರವಾರ. ಕಾರಣ ಇಷ್ಟೆ, ದೂರದಿಂದ ಬಂದವರಿಗೆ ಮನೆಗೆ ಮರಳಲು ಬೆಳದಿಂಗಳಿರಲಿ. ಡಿಸೆಂಬರ್ 31ರ ರಾತ್ರಿ ನಾವು ಮಾಡುವ ವರ್ಷಾಂತ್ಯದ ಆರಾಧನೆಯಲ್ಲಿ ಆ ಗಣಿಯವರ ಪಾಲೂ ಇದೆ.

ಇನ್ನು ಆಟ. ವೇದಪಾಠಕ್ಕೂ ಆಟಕ್ಕೂ ಏನು ಸಂಬಂಧ, ಆಟ ಬೇಕಿದ್ದರೆ ಮೈದಾನಕ್ಕೆ ಹೋಗಲಿ ಎಂದು ಒಬ್ಬರು ಕೇಳಿದರು. ಪ್ರಶ್ನೆ ಕೇಳಿದವರು ಸಂಜೆ ಹೊತ್ತು ವಾಲಿಬಾಲ್ ಆಡುವವರು. ಅವರಿಗೆ ನಾನು ಕೊಟ್ಟ ಉತ್ತರ ಸ್ವಲ್ಪ ಉದ್ದವಾಯಿತು.

1844ರಲ್ಲಿ ಲಂಡನ್ನಿನ ಬಟ್ಟೆ ಅಂಗಡಿಯೊಂದರಲ್ಲಿ ಜಾರ್ಜ್ ವಿಲಿಯಮ್ಸ್ ಎಂಬ 22 ವರ್ಷದ ನೌಕರ, ತನ್ನಂಥ ಕೆಲವು ಹುಡುಗರನ್ನು ಸೇರಿಸಿ ವೈಎಂಸಿಎ ಕಟ್ಟಿದ. ದಿನವಿಡೀ ದುಡಿದು, ಅಂಗಡಿಯ ಮೇಲಿನ ಇಕ್ಕಟ್ಟಾದ ಕೋಣೆಗಳಲ್ಲಿ ಮಲಗುತ್ತಿದ್ದ ಹುಡುಗರು ಅವರು. ಆಗ ಇದ್ದದ್ದು ಪ್ರಾರ್ಥನೆ, ವೇದಾಧ್ಯಯನ ಮಾತ್ರ. ಆಟ ಸೇರಿಕೊಂಡದ್ದು ನಂತರ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಒಂದು ತರಗತಿ ಕೈಮೀರಿತ್ತು. ಹೊರಗೆ ಹಿಮ, ಒಳಗೆ ಕವಾಯತು ಮಾಡಿ ಮಾಡಿ 18 ಮಂದಿ ಗಂಡಸರು ರೋಸಿಹೋಗಿದ್ದರು. ಇವರಿಗೊಂದು ಹೊಸ ಆಟ ಹುಡುಕು ಎಂದು ಮೇಲಿನವರು ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರಿಗೆ ಎರಡು ವಾರದ ಗಡುವು ಕೊಟ್ಟರು. ಈತ ಕೆನಡಾದವನು, ದೇವಶಾಸ್ತ್ರ ಓದಿದವನು. ಜವಾನನ ಬಳಿ ಎರಡು ಪೆಟ್ಟಿಗೆ ಕೇಳಿದ. ಸಿಕ್ಕಿದ್ದು ಪೀಚ್ ಹಣ್ಣಿನ ಬುಟ್ಟಿಗಳು. ಅವನ್ನು ಉಪ್ಪರಿಗೆಯ ಕಟಕಟೆಗೆ ಮೊಳೆ ಹೊಡೆದು ತೂಗಿಸಿದ. ಕಟಕಟೆ ನೆಲದಿಂದ 10 ಅಡಿ ಎತ್ತರದಲ್ಲಿತ್ತು. ಬ್ಯಾಸ್ಕೆಟ್‌ಬಾಲಿನ ಬಳೆ ಇಂದಿಗೂ ಅದೇ ಎತ್ತರದಲ್ಲಿದೆ. ಬುಟ್ಟಿಗೆ ತಳವಿತ್ತು, ಆದ್ದರಿಂದ ಪ್ರತಿ ಗೋಲಿಗೂ ಯಾರಾದರೂ ಹತ್ತಿ ಚೆಂಡು ತೆಗೆಯಬೇಕು. ಮೊದಲ ಪಂದ್ಯದಲ್ಲಿ ಹತ್ತಬೇಕಾದದ್ದು ಒಂದೇ ಸಲ, ಸ್ಕೋರು 1–0. ನಾಲ್ಕು ವರ್ಷ ಕಳೆದು, ಅಲ್ಲಿಗೆ ಹತ್ತಿರದ ಹೋಲಿಯೋಕ್ ಪಟ್ಟಣದ ವೈಎಂಸಿಎಯಲ್ಲಿ, ಬ್ಯಾಸ್ಕೆಟ್‌ಬಾಲ್ ಆಡಿ ಏದುಸಿರು ಬಿಡುತ್ತಿದ್ದ ನಡುವಯಸ್ಸಿನ ವ್ಯಾಪಾರಸ್ಥರಿಗಾಗಿ ವಿಲಿಯಂ ಮಾರ್ಗನ್ ಇನ್ನೊಂದು ಆಟ ಕಟ್ಟಿದ. ನಡುವೆ ಬಲೆ, ಮೈಗೆ ಮೈ ತಾಗುವಂತಿಲ್ಲ. ಅದೇ ನಿಮ್ಮ ವಾಲಿಬಾಲು ಎಂದೆ.

ಇಂಗ್ಲೆಂಡಿನ ಫುಟ್‌ಬಾಲಿನಲ್ಲೂ ಇದೇ ಕಥೆ. ಬರ್ಮಿಂಗ್‌ಹ್ಯಾಮಿನ ವಿಲ್ಲಾ ಕ್ರಾಸ್ ವೆಸ್ಲಿಯನ್ ಚಾಪೆಲಿನ ವೇದಪಾಠದ ಹುಡುಗರು ಬೇಸಿಗೆಯಲ್ಲಿ ಕ್ರಿಕೆಟ್ ಆಡುತ್ತಿದ್ದರು. ಚಳಿಗಾಲ ಬಂದರೆ ಕೈಕಟ್ಟಿ ಕೂರಬೇಕು. ಅದಕ್ಕೊಂದು ದಾರಿ ಹುಡುಕಿದ ಫಲ 1874ರ ಆಸ್ಟನ್ ವಿಲ್ಲಾ ತಂಡ. ಅವರ ಮೊದಲ ಎದುರಾಳಿಗಳು ಇನ್ನೊಂದು ಚರ್ಚಿನ ರಗ್ಬಿ ತಂಡದವರು. ಯಾರ ನಿಯಮದಲ್ಲಿ ಆಡುವುದು ಎಂಬ ತಕರಾರಿಗೆ ಸಿಕ್ಕ ಪರಿಹಾರ: ಅರ್ಧ ಹೊತ್ತು ರಗ್ಬಿ, ಅರ್ಧ ಹೊತ್ತು ಫುಟ್‌ಬಾಲ್. ಚರ್ಚ್ ಕಮಿಟಿಗಳಲ್ಲಿ ಕೂತವರಿಗೆ ಈ ಬಗೆಯ ರಾಜಿ ಹೊಸದೇನಲ್ಲ.

ಆಟವೆಂದರೆ ಹುಡುಗರನ್ನು ಸೆಳೆಯಲು ಹಾಕುವ ಗಾಳ, ಸಿಕ್ಕಿಬಿದ್ದ ಮೇಲೆ ವಾಕ್ಯ ಬಡಿಸುವುದು ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಈ ಹಳೆಯ ಸಂಗತಿಗಳು ನನಗೆ ಬೇರೆಯದನ್ನೇ ಹೇಳುತ್ತವೆ. ಗಣಿಯವರು, ಬಟ್ಟೆ ಅಂಗಡಿಯ ಹುಡುಗರು, ಹಿಮಕ್ಕೆ ಸಿಕ್ಕಿದ ತರಗತಿ, ಚಳಿಗಾಲದ ಕ್ರಿಕೆಟಿಗರು, ಇವರೆಲ್ಲರ ಕುರಿತು ಯಾರೋ ಒಬ್ಬರು ಒಂದೇ ಪ್ರಶ್ನೆ ಕೇಳಿಕೊಂಡಿದ್ದರು: ಬೇಸರ ಬಂದಾಗ ಇವರು ಎಲ್ಲಿಗೆ ಹೋಗುತ್ತಾರೆ? ಆಟ, ಜಾಗರಣೆ ಎರಡೂ ಆ ಪ್ರಶ್ನೆಗೆ ಹುಟ್ಟಿದ ಉತ್ತರಗಳು.

ನನ್ನ ಬೇಸರಕ್ಕೂ ಹೀಗೆ ಉತ್ತರ ಕೊಟ್ಟವರಿದ್ದರು. ನಾನು ಹುಡುಗನಾಗಿದ್ದಾಗ ಭಾನುವಾರ ಸಂಜೆ ಯುವಕರ ಕೂಟ. ಮಂಗಳೂರು ಹಂಚಿನ ಅದೇ ಹಾಲು, ಅದರ ಮೂಲೆಯಲ್ಲಿ ಬೋರಿಕ್ ಪುಡಿ ಮೆತ್ತಿದ ಒಂದು ಕೇರಂ ಬೋರ್ಡು. ಮೊದಲು ಕೀರ್ತನೆ, ಆಮೇಲೆ ಕೇರಂ ಎಂಬುದು ಅಲ್ಲಿನ ನಿಯಮ. ನಾನು ಹೋಗುತ್ತಿದ್ದದ್ದು ಕೇರಂಗೆ. ಪ್ರಾರ್ಥನೆಯ ಹೊತ್ತಿಗೆ ನಾನು ಹೊರಗಿನ ಜಗಲಿಯಲ್ಲಿ ಕೂತಿದ್ದರೆ, ಹಂಚಿನ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ಕೂರುತ್ತಿದ್ದರು. ವಚನ ಹೇಳುತ್ತಿರಲಿಲ್ಲ, ಮನೆಯ ವಿಚಾರ ಕೆದಕುತ್ತಿರಲಿಲ್ಲ. ಆಟ ಶುರುವಾದರೆ ಎದುರಿಗೆ ಕೂತು ರೆಡ್ಡನ್ನು ನನಗೇ ಬಿಟ್ಟು, ಕೈ ನಡುಗಿತು ಎಂದು ನೆವ ಹೇಳುತ್ತಿದ್ದರು. ನನ್ನ ವಾರಿಗೆಯ ಕೆಲವರು ಊರು ಬಿಟ್ಟರು, ಕೆಲವರು ಚರ್ಚು ಬಿಟ್ಟರು. ನಾನು ಉಳಿದದ್ದರಲ್ಲಿ ಅವರ ಆ ನಡುಗದ ಕೈಯ ಪಾಲು ದೊಡ್ಡದು.

ವೇದಾಧ್ಯಯನಕ್ಕೆ ವಿಷಯ ಆರಿಸುವಾಗ ಈಗಿನ ಹುಡುಗರೇ ಒಂದು ಜಾಣತನ ಮಾಡಿದರು. ರಾತ್ರಿ ಕೂಟಕ್ಕೆ ಸತ್ಯವೇದದ ರಾತ್ರಿಗಳೇ ವಿಷಯವಾಗಲಿ ಅಂದರು. ಹುಡುಕಿದರೆ ಎಷ್ಟೊಂದು! ಯಬ್ಬೋಕ್ ಹೊಳೆಯ ದಡದಲ್ಲಿ ಬೆಳಗಿನವರೆಗೆ ಹೋರಾಡಿದ ಯಾಕೋಬ, ಕರೆ ಕೇಳಿ ಮತ್ತೆ ಮತ್ತೆ ಏಲಿಯ ಬಳಿಗೆ ಓಡಿದ ಬಾಲಕ ಸಮುವೇಲ, ಕತ್ತಲಾದ ಮೇಲೆ ಯೇಸುವನ್ನು ಕಾಣಲು ಬಂದ ನಿಕೊದೇಮ, ಸೆರೆಮನೆಯಲ್ಲಿ ನಡುರಾತ್ರಿ ಹಾಡಿದ ಪೌಲ ಸೀಲರು. ಗೆತ್ಸೇಮನೆ ತೋಟದಲ್ಲಿ ಎಚ್ಚರವಾಗಿರಿ ಎಂದರೂ ನಿದ್ದೆಹೋದ ಶಿಷ್ಯರನ್ನು ಯಾರೂ ಮರೆಯಲಿಲ್ಲ. ಆ ಪಾತ್ರಕ್ಕೆ ಕೈಯೆತ್ತಿದವರೇ ಹೆಚ್ಚು.

ಗಿದ್ಯೋನನ ರಾತ್ರಿಯನ್ನಂತೂ ಆಟವಾಗಿಯೇ ಮಾಡಿದೆವು. 32,000 ಮಂದಿಯಲ್ಲಿ ಸೋಸಿ ಸೋಸಿ 300 ಮಂದಿಯನ್ನು ಉಳಿಸಿಕೊಂಡು, ಮೂರು ಗುಂಪು ಮಾಡಿ, ಒಬ್ಬೊಬ್ಬನ ಕೈಗೂ ಕೊಂಬು, ಬರಿಗೊಡ, ಕೊಡದೊಳಗೆ ಪಂಜು ಕೊಟ್ಟು, ಕಾವಲು ಬದಲಾಗುವ ಹೊತ್ತಿಗೆ ಮಿದ್ಯಾನರ ಪಾಳೆಯವನ್ನು ಸುತ್ತುವರಿದ ಕಥೆ ಅದು. ನಮ್ಮಲ್ಲಿ ಪಂಜಿನ ಬದಲು ಮೊಬೈಲಿನ ಟಾರ್ಚು. ಮೂರು ತಂಡಗಳು ಮಣ್ಣಿನ ಮಡಕೆಯೊಳಗೆ ಬೆಳಕು ಅಡಗಿಸಿಕೊಂಡು ಕತ್ತಲಲ್ಲಿ ಅಂಗಳ ದಾಟಬೇಕು. ಬೆಳಕು ಸೋರಿ ಕಾವಲುಗಾರರ ಕಣ್ಣಿಗೆ ಬಿದ್ದರೆ ಔಟ್. ಕಥೆಯಲ್ಲಿ ಕೊನೆಗೆ ಕೊಡ ಒಡೆಯುತ್ತಾರೆ. ಬರಿಗಾಲಿನ ಮಕ್ಕಳ ನಡುವೆ ಮಡಕೆ ಚೂರು ಬೇಡ ಎಂದು ಸ್ತ್ರೀಯರ ಸಂಘ ತಡೆದದ್ದರಿಂದ, ಒಡೆಯುವ ಬದಲು ಮಡಕೆಯ ಮೇಲಿನ ಬಟ್ಟೆ ಕಿತ್ತು ಕೂಗುವುದೆಂದು ತೀರ್ಮಾನವಾಯಿತು. ಮಡಕೆಗಳು ಮಾರನೆಯ ದಿನ ಮೀನು ಸಾರಿಗೆ ಒದಗುತ್ತವೆ ಎಂಬುದು ಅವರ ಇನ್ನೊಂದು ವಾದ.

ನಡುರಾತ್ರಿಯ ಪಾಠಕ್ಕೆ ನಾನು ಇಟ್ಟುಕೊಂಡದ್ದು ಯೂತಿಖನ ಕಥೆ. ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯದಲ್ಲಿ ಆರೇಳು ವಚನಗಳಲ್ಲಿ ಬಂದುಹೋಗುವ ಹುಡುಗ. ತ್ರೋವ ಪಟ್ಟಣದ ಒಂದು ಮೇಲಂತಸ್ತಿನ ಕೋಣೆ. ಬೆಳಗಾದರೆ ಪೌಲ ಹೊರಡುವವನು, ಆದ್ದರಿಂದ ಮಾತು ನಿಲ್ಲುತ್ತಿಲ್ಲ. ಕೋಣೆಯಲ್ಲಿ ಬಹಳ ದೀಪಗಳಿದ್ದವು ಎಂದು ಲೂಕ ಬೇಕೆಂದೇ ಬರೆದಿಟ್ಟಿದ್ದಾನೆ. ಎಣ್ಣೆದೀಪದ ಕಾವು, ಜನಸಂದಣಿ. ಗಾಳಿಗಾಗಿ ಹುಡುಗ ಕಿಟಕಿಯಲ್ಲಿ ಕೂತಿರಬೇಕು. ತೂಕಡಿಕೆ ನಿದ್ದೆಯಾಗಿ, ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಎತ್ತಿ ನೋಡಿದರೆ ಸತ್ತಿದ್ದ. ಪೌಲ ಇಳಿದು ಬಂದ, ಅವನ ಮೇಲೆ ಬೊಗ್ಗಿ ಅಪ್ಪಿಕೊಂಡ, ಪ್ರಾಣವಿದೆ ಗಾಬರಿಯಾಗಬೇಡಿ ಎಂದ. ಮತ್ತೆ ಮೇಲೆ ಹೋಗಿ ರೊಟ್ಟಿ ಮುರಿದು ಊಟ ಮಾಡಿ ಬೆಳಗಾಗುವ ತನಕ ಮಾತಾಡಿದ! ಭಾಷಣ ಮೊಟಕುಗೊಳಿಸಬೇಕೆಂಬ ಪಾಠವನ್ನು ಅವನು ಕಲಿತಂತೆ ಕಾಣುವುದಿಲ್ಲ.

ನನ್ನ ಕಣ್ಣು ನಿಲ್ಲುವುದು ಆ ಕಥೆಯಲ್ಲಿ ಇಲ್ಲದ ಮಾತಿನ ಮೇಲೆ. ವಾಕ್ಯ ನಡೆಯುವಾಗ ನಿದ್ದೆ ಮಾಡಿದೆಯಲ್ಲ ಎಂದು ಯಾರೂ ಗದರಿಸಲಿಲ್ಲ. ಅಲ್ಲಿ ಯಾಕೆ ಕೂತೆ ಎಂದು ವಿಚಾರಣೆ ನಡೆಸಲಿಲ್ಲ. ಕೂಟದ ಮುಖ್ಯ ಅತಿಥಿ ಮಾತು ನಿಲ್ಲಿಸಿ ಮೆಟ್ಟಿಲಿಳಿದ. ಅಷ್ಟೇ ಅಲ್ಲಿ ನಡೆದದ್ದು. ಇದನ್ನು ಕಮಿಟಿಯಲ್ಲಿ ಹೇಳಿದಾಗ, ನಮ್ಮ ಕಿಟಕಿಗಳಿಗೆ ಗ್ರಿಲ್ಲು ಇದೆ, ಭಯವಿಲ್ಲ ಎಂದು ಖಜಾಂಚಿ ಸಮಾಧಾನ ಹೇಳಿದರು.

ಕಾರ್ಯಕ್ರಮ ಪಟ್ಟಿ ಅಂತೂ ಸಿದ್ಧವಾಯಿತು. ಸಂದೇಶಕ್ಕೆ 20 ನಿಮಿಷ ಸಾಕೇ ಎಂದು ಸಭಾಪಾಲಕರು ಕೇಳಿದರು. ಪೌಲನ ಉದಾಹರಣೆ ಕೊಟ್ಟ ಮೇಲೆ ತಾವೇ 15ಕ್ಕೆ ಇಳಿದರು. ನಡುರಾತ್ರಿಗೆ ಮಂಡಕ್ಕಿ, ಚಹಾ. ಮೈಕಿಗೆ, ಗಿಟಾರಿಗೆ, ರಸಪ್ರಶ್ನೆಗೆ, ಪ್ರಥಮ ಚಿಕಿತ್ಸೆಗೆ ಒಬ್ಬೊಬ್ಬರ ಹೆಸರು ಬಿತ್ತು. ಮೈಕಿಗೆ ಮಾತ್ರ ಪೈಪೋಟಿ. ಪಟ್ಟಿಯ ತಳದಲ್ಲಿ ನಾನು 'ಕಿಟಕಿ' ಎಂದು ಇನ್ನೊಂದು ಸಾಲು ಸೇರಿಸಿದೆ. ಕಾರ್ಯದರ್ಶಿ ಹುಡುಗಿ ನೋಡಿ, "ಅಂಕಲ್, ಕಿಟಕಿ ಮುಚ್ಚಲಿಕ್ಕೂ ಒಬ್ಬರು ಬೇಕಾ?" ಅಂದಳು. ಮುಚ್ಚಲಿಕ್ಕಲ್ಲ. ಆಟಕ್ಕೆ ಸೇರದವರು, ಹಾಡುವಾಗ ಬಾಯಿ ತೆರೆಯದವರು, ಮನೆಯವರ ಒತ್ತಾಯಕ್ಕೆ ಬಂದು ಮೊಬೈಲು ನೋಡುತ್ತ ಗೋಡೆಗೆ ಒರಗಿದವರು ಎಲ್ಲ ಶಿಬಿರದಲ್ಲೂ ಇಬ್ಬರು ಮೂವರು ಇರುತ್ತಾರೆ. ಅವರ ಪಕ್ಕ ಹೋಗಿ ಕೂರಲಿಕ್ಕೆ ಒಬ್ಬರು ಬೇಕು. ಕೈಯಲ್ಲಿ ಮಂಡಕ್ಕಿ ಪೊಟ್ಟಣ ಸಾಕು, ವಚನ ಬೇಡ.

ಬೆಳಗಿನ ತನಕ ಮಾತಾಡಬಲ್ಲವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಮೆಟ್ಟಿಲಿಳಿಯುವವರದೇ ಬಡತನ. ಆ ಸಾಲಿಗೆ ಯಾರೂ ಹೆಸರು ಕೊಡಲಿಲ್ಲ, ನಾನೇ ಬರೆದುಕೊಂಡೆ. ಕೇರಂ ಬೋರ್ಡೊಂದನ್ನು ಆಟದ ಸಾಮಾನಿನ ಪಟ್ಟಿಗೂ ಸೇರಿಸಿದ್ದೇನೆ. ರೆಡ್ಡು ಬಿಟ್ಟುಕೊಡುವಷ್ಟು ಆಟ ನನಗೆ ಬರುತ್ತದೆ.