ಸಮ ಎತ್ತರದ ಮೆಟ್ಟಿಲು

ನಮ್ಮ ಮನೆಯ ಅಟ್ಟಕ್ಕೆ ಇದ್ದದ್ದು ಏಣಿ ಮಾತ್ರ. ಮಂಡಿನೋವು ಬಂದ ಮೇಲೆ ಅಮ್ಮ ಅಟ್ಟ ಹತ್ತುವುದನ್ನೇ ಬಿಟ್ಟಳು. ಉಳಿ, ಗರಗಸ ಹಿಡಿದು ಅಭ್ಯಾಸವಿಲ್ಲದ ನಾನು ಬೇಸಿಗೆ ರಜೆಯಲ್ಲಿ ಮರದ ಮೆಟ್ಟಿಲು ಮಾಡಲು ಹೊರಟೆ.

ಮರ ಮುಟ್ಟುವ ಮೊದಲು ಲೆಕ್ಕ. ನೆಲದಿಂದ ಅಟ್ಟಕ್ಕೆ 270 ಸೆಂ.ಮೀ. ಅದನ್ನು 15 ಏರುಗಳಾಗಿ ಹಂಚಿದರೆ ಒಂದೊಂದು 18 ಸೆಂ.ಮೀ. ಏರಿನ ಎರಡರಷ್ಟಕ್ಕೆ ಮೆಟ್ಟಿಲ ಅಗಲ ಕೂಡಿಸಿದರೆ ಒಂದು ಹೆಜ್ಜೆಯ ಅಳತೆ, ಅಂದರೆ ಸುಮಾರು 60ರಿಂದ 65 ಸೆಂ.ಮೀ. ಬರಬೇಕು. ಇದು 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲೊಂಡೆಲ್‌ನಿಂದ ಬಂದ ಸೂತ್ರ. ಹಾಗಾಗಿ ಅಗಲ 26 ಇಟ್ಟೆ. ಕೊನೆಯ ಏರು ಅಟ್ಟದ ನೆಲಕ್ಕೇ ಮುಟ್ಟುವುದರಿಂದ ಹಲಗೆ 14 ಸಾಕು.

ಸೂತ್ರದಲ್ಲಿಲ್ಲದ್ದನ್ನು ಊರಿನ ಬಡಗಿ ಹೇಳಿಕೊಟ್ಟರು. "ಓರೆಮರದ ಬುಡದಲ್ಲಿ ಹಲಗೆ ದಪ್ಪದಷ್ಟು ಕೊಯ್ದುಬಿಡಿ ಮೇಷ್ಟ್ರೇ. ಇಲ್ದಿದ್ರೆ ಮೊದಲ್ನೇದು ಎತ್ತರ, ಕೊನೇದು ಗಿಡ್ಡ." ನಮ್ಮ ಹಲಗೆ 4 ಸೆಂ.ಮೀ. ದಪ್ಪ. ಕೊಯ್ಯದಿದ್ದರೆ ಮೊದಲ ಏರು 22, ಕೊನೆಯದು 14. ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ಅಳತೆ ಕಲಿಯುತ್ತದೆ, ಆಮೇಲೆ ಕಣ್ಣು ನೋಡುವುದಿಲ್ಲ. ಅಳತೆ ತಪ್ಪಿದಲ್ಲೇ ಎಡವುತ್ತೇವೆ.

ಬೋಧನಾಭ್ಯಾಸದ ಪಾಠಗಳನ್ನು ವೀಕ್ಷಿಸುವಾಗ ಇದು ನೆನಪಾಗುತ್ತದೆ. ಮಕ್ಕಳು 1/5 + 2/5 ಸರಾಗವಾಗಿ ಕೂಡುತ್ತಾರೆ. ತಕ್ಷಣ 1/2 + 1/3 ಕೊಟ್ಟರೆ 2/5 ಎಂದು ಬರೆಯುವವರಿದ್ದಾರೆ. ನಡುವೆ ಸಮಾನ ಭಿನ್ನರಾಶಿಯ ಮೆಟ್ಟಿಲು ಇಲ್ಲ, ಮಗು ಹಿಂದಿನ ಅಳತೆಯಲ್ಲೇ ಕಾಲಿಟ್ಟಿದೆ. "ಗಮನ ಸಾಲದು" ಎಂದು ಷರಾ ಬರೆಯುವ ಮೊದಲು ಪಾಠಯೋಜನೆಯ ಏರುಗಳನ್ನು ಅಳೆದು ನೋಡಬೇಕು.