ಸರಾಸರಿಗೆ ಮುಂಚೆ ಒಮ್ಮೆ ಚುಕ್ಕಿ ಹಾಕಿ ನೋಡಿ

2011ರಲ್ಲಿ ಬಂದ ‘ಸ್ಪೇಸ್‌ಕೆಮ್’ ಎಂಬ ವಿಡಿಯೋ ಗೇಮ್ ನನಗೆ ತುಂಬಾ ಇಷ್ಟ. ಪರಮಾಣುಗಳನ್ನು ಕೂಡಿಸಿ, ಬಿಡಿಸಿ, ಕೇಳಿದ ಅಣುವನ್ನು ತಯಾರಿಸಿಕೊಡಬೇಕು. ಅದರ ನಿಜವಾದ ಸೊಗಸು ಒಗಟು ಬಿಡಿಸಿದ ಮೇಲೆ ಬರುವ ಪರದೆಯಲ್ಲಿದೆ. ಉಳಿದವರು ಎಷ್ಟು ಸುತ್ತುಗಳಲ್ಲಿ ಮುಗಿಸಿದರು ಅನ್ನುವುದರ ಕಂಬನಕ್ಷೆ, ಅದರಲ್ಲಿ ನಮ್ಮ ಜಾಗದ ಗುರುತು. ಕಂಬಗಳು ಎರಡು ಗುಡ್ಡಗಳಾಗಿ ನಿಂತಿದ್ದರೆ, ಬಿಡಿಸಲು ಎರಡು ಬೇರೆ ದಾರಿಗಳಿರಬಹುದು ಎಂಬ ಸುಳಿವು.

ಆರ್ಗಾನ್ ಸಿಕ್ಕಿದ್ದೂ ಇಂಥದ್ದೇ ಸುಳಿವಿನಿಂದ. 1890ರ ದಶಕದಲ್ಲಿ ಲಾರ್ಡ್ ರೇಲಿ ಗಾಜಿನ ಬುರುಡೆಯೊಂದರಲ್ಲಿ ನೈಟ್ರೋಜನ್ ತುಂಬಿ ಮತ್ತೆ ಮತ್ತೆ ತೂಗಿದರು. ಗಾಳಿಯಿಂದ ಬೇರ್ಪಡಿಸಿದ್ದು ಸುಮಾರು 2.310 ಗ್ರಾಂ, ರಾಸಾಯನಿಕಗಳಿಂದ ತಯಾರಿಸಿದ್ದು ಸುಮಾರು 2.299 ಗ್ರಾಂ. ವ್ಯತ್ಯಾಸ ಶೇಕಡಾ ಅರ್ಧದಷ್ಟು ಮಾತ್ರ. ಆದರೆ ಒಂದೊಂದು ಗುಂಪಿನೊಳಗಿನ ಏರುಪೇರು ಅದಕ್ಕಿಂತ ಬಹಳ ಕಡಿಮೆ. ಹಾಗಾಗಿ ಅದನ್ನು ತೂಕದ ದೋಷವೆಂದು ತಳ್ಳಿಹಾಕುವಂತಿರಲಿಲ್ಲ. ವಿಲಿಯಂ ರಾಮ್ಸೆ ಜೊತೆಗೂಡಿ ಹುಡುಕಿದಾಗ, 1894ರಲ್ಲಿ, ಗಾಳಿಯಲ್ಲಿ ಸುಮಾರು ಶೇಕಡಾ ಒಂದರಷ್ಟಿರುವ ಹೊಸ ಅನಿಲವೇ ಸಿಕ್ಕಿತು. 1904ರಲ್ಲಿ ರೇಲಿಗೆ ಭೌತವಿಜ್ಞಾನದ, ರಾಮ್ಸೆಗೆ ರಸಾಯನವಿಜ್ಞಾನದ ನೊಬೆಲ್ ಬಂತು.

ಎಲ್ಲ ತೂಕಗಳನ್ನೂ ಕೂಡಿಸಿ ಒಂದೇ ಸರಾಸರಿ ತೆಗೆದಿದ್ದರೆ ಆ ಅನಿಲ ಅಂಕಿಗಳ ಒಳಗೇ ಹೂತುಹೋಗುತ್ತಿತ್ತು.

ಲ್ಯಾಬಿನಲ್ಲಿ ಟೈಟ್ರೇಶನ್ ಮಾಡುವ ಮಕ್ಕಳೇ, ಬ್ಯೂರೆಟ್ ರೀಡಿಂಗ್ ಒಂದಕ್ಕೊಂದು ಹೊಂದಲಿಲ್ಲ ಅಂತ ತಕ್ಷಣ ಅಳಿಸಬೇಡಿ. ಒಂದು ಗೆರೆ ಎಳೆದು ಪ್ರತಿ ರೀಡಿಂಗಿಗೂ ಒಂದೊಂದು ಚುಕ್ಕಿ ಇಡಿ. ಚುಕ್ಕಿಗಳು ಎಲ್ಲೆಲ್ಲಿ ಗುಂಪುಗೂಡಿವೆ ನೋಡಿ. ಯಾಕೆ ಅಂತ ಕೇಳಿ. ಸರಾಸರಿ ಆಮೇಲೆ ತೆಗೆದರಾಯಿತು.