ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆ

ನಮ್ಮ ಕಂಪನಿಯ ಇಂಟ್ರಾನೆಟ್ಟನ್ನು ದುರಸ್ತಿ ಮಾಡುವುದೋ, ಕಿತ್ತುಹಾಕಿ ಹೊಸದು ತರುವುದೋ? ಮೂರು ವಾರದಲ್ಲಿ ವರದಿ ಕೊಡಿ ಅಂತ ಮೇಲಿನವರು ನನಗೆ ಹೇಳುವಾಗಲೇ ಉತ್ತರ ಅವರ ಬಳಿ ತಯಾರಿತ್ತು. ಹೊಸದನ್ನು ಮಾರುವವರು ಬಂದು ಡೆಮೊ ತೋರಿಸಿ ಹೋಗಿದ್ದರು. ಡೆಮೊದಲ್ಲಿ ಎಲ್ಲರೂ ನಗುತ್ತಿರುತ್ತಾರೆ, ಯಾರ ರಜೆ ಅರ್ಜಿಯೂ ಪೆಂಡಿಂಗ್ ಇರುವುದಿಲ್ಲ.

ಪುಣೆಯ ಹಿಂಜವಡಿಯಲ್ಲಿ ಕೂತು ಇಂಥ ವರದಿ ಬರೆಯುವುದು ನನಗೆ ಹೊಸತಲ್ಲ. ಈ ಸಲ ಸರ್ವರ್ ನೋಡುವ ಮೊದಲು ಸರ್ಚ್ ಲಾಗ್ ತೆರೆದೆ. ಜನ ಏನು ಹುಡುಕುತ್ತಾರೆ, ಏನು ಸಿಗದೆ ವಾಪಸಾಗುತ್ತಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ಎಂ.ಡಿ.ಯವರ ಹೊಸವರ್ಷದ ಸಂದೇಶವನ್ನು ಯಾರೂ ಹುಡುಕಿರಲಿಲ್ಲ. ಹುಡುಕಿದ್ದು ರಜೆ ಪಟ್ಟಿ, ಫಾರ್ಮ್ 16, ಕ್ಯಾಬ್, ಮೆಡಿಕ್ಲೇಮ್. ಕೊನೆಯ ಪದಕ್ಕೆ ಪ್ರತಿ ಸಲವೂ ಸಿಕ್ಕ ಉತ್ತರ ಸೊನ್ನೆ. ಪುಟ ಇಲ್ಲವೆಂದಲ್ಲ, ಇದೆ. ಆದರೆ ಅದರ ತಲೆಬರಹ ‘ಗ್ರೂಪ್ ಹೆಲ್ತ್ ಇನ್ಶೂರೆನ್ಸ್ ಪಾಲಿಸಿ’. ಇಡೀ ಆಫೀಸು ಮೆಡಿಕ್ಲೇಮ್ ಅನ್ನುತ್ತದೆ, ಪುಟದಲ್ಲಿ ಆ ಪದ ಒಂದು ಸಲವೂ ಇಲ್ಲ.

ಲಾಗಿನಲ್ಲಿ ಒಂದು ಕಡೆ ರಾತ್ರಿ ಒಂದೂವರೆ ಸುಮಾರಿಗೆ ಅದೇ ಪದ ಆರು ಸಲ ಇತ್ತು, ಬೇರೆ ಬೇರೆ ಸ್ಪೆಲಿಂಗಿನಲ್ಲಿ. ಯಾರು ಅಂತ ಲಾಗ್ ಹೇಳುವುದಿಲ್ಲ. ಚಹಾಕ್ಕೆ ಹೋದಾಗ ಈ ವಿಷಯ ತೆಗೆದೆ. ನಮ್ಮ ಟೀಮಿನ ಧಾರವಾಡದ ಹುಡುಗ ತಾನಾಗಿಯೇ ಹೇಳಿದ: “ಅದು ನಾನ ಇರಬೇಕ್ರಿ ಸರ. ಊರಾಗ ಅಪ್ಪನ್ನ ಐಸಿಯುಕ್ಕ ಹಾಕಿದ್ರು. ಕ್ಯಾಶ್‌ಲೆಸ್‌ಗೆ ಟಿಪಿಎ ನಂಬರ್ ಬೇಕಾಗಿತ್ತು. ಹೆಂಗೋ ಪುಟ ಸಿಕ್ತು, ಫೋನ್ ಹಚ್ಚಿದರ ಅದು ಹಳೇ ಟಿಪಿಎದ್ದು.” ಕಂಪನಿ ಟಿಪಿಎ ಬದಲಿಸಿ ಎರಡು ವರ್ಷವಾಗಿತ್ತು. ಪುಟ ಬದಲಿಸುವುದು ಯಾರ ಕೆಲಸ ಅಂತ ಎಚ್‌ಆರ್‌ನವರಿಗೂ ಗೊತ್ತಿಲ್ಲ, ಐಟಿಯವರಿಗೂ ಗೊತ್ತಿಲ್ಲ. ಹುಡುಗ ಕ್ರೆಡಿಟ್ ಕಾರ್ಡಿನಲ್ಲಿ ಅಡ್ವಾನ್ಸ್ ಕಟ್ಟಿದ. ಅಪ್ಪ ಈಗ ಆರಾಮಾಗಿದ್ದಾರಂತೆ.

ಐದು ಜನರನ್ನು ಕೂರಿಸಿಕೊಂಡು ನೋಡಿದರೆ ಬಳಕೆಯ ತೊಡಕುಗಳಲ್ಲಿ ಹೆಚ್ಚಿನವು ಕಂಡುಬಿಡುತ್ತವೆ ಅಂತ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ನಾನೂ ಐದು ಜನರ ಪಕ್ಕ ಕೂತೆ. ಹೊಸ ಟಿಪಿಎ ನಂಬರ್ ಹುಡುಕಿ ಅಂದೆ. ಇಬ್ಬರು ವಾಟ್ಸಾಪ್ ಗ್ರೂಪಿಗೆ ಹೋದರು. ಮೂವರು ಎದ್ದು ಅಡ್ಮಿನ್ ಕಾಕಾರ ಟೇಬಲ್ಲಿಗೆ ಹೋದರು. ಕಾಕಾರ ಡ್ರಾಯರಿನಲ್ಲಿ ಒಂದು ಡೈರಿ ಇದೆ. ಟಿಪಿಎ, ಆ್ಯಂಬುಲೆನ್ಸ್, ರಾತ್ರಿ ಕ್ಯಾಬಿನವನು, ಎಲ್ಲರ ನಂಬರೂ ಅದರಲ್ಲಿದೆ, ಎಲ್ಲವೂ ಸರಿಯಾಗಿವೆ. ಮುಂದಿನ ವರ್ಷ ಅವರು ರಿಟೈರ್ ಆಗುತ್ತಾರೆ.

ಹಾಗಂತ ಹಳೆಯದನ್ನು ಉಳಿಸಿಕೊಳ್ಳುವ ಹಾಗೂ ಇಲ್ಲ. ನಮ್ಮದು ಶೇರ್‌ಪಾಯಿಂಟ್ 2013. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2023ರ ಏಪ್ರಿಲ್ 11ಕ್ಕೆ ಮುಗಿದಿದೆ, ಸೆಕ್ಯುರಿಟಿ ಪ್ಯಾಚ್ ಬರುವುದಿಲ್ಲ. ಬೀಗ ಕೆಟ್ಟ ಬಾಗಿಲಿಗೆ ಎಷ್ಟು ಬಣ್ಣ ಬಳಿದರೇನು! ಆದರೆ ಸಾಫ್ಟ್‌ವೇರ್ ಬದಲಾದ ಮಾತ್ರಕ್ಕೆ ಆ ಹಳೇ ನಂಬರ್ ಬದಲಾಗುವುದಿಲ್ಲ. ಮೈಗ್ರೇಶನ್ ಟೂಲು ಅದನ್ನೂ ಜೋಪಾನವಾಗಿ ಸಾಗಿಸುತ್ತದೆ. ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ಮನೆ ಬದಲಿಸುತ್ತ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆ ಬಿಚ್ಚದೆಯೇ ಮುಂದಿನ ಮನೆಯ ಅಟ್ಟ ಸೇರುತ್ತದೆ.

ವರದಿಯಲ್ಲಿ ಬರೆದೆ: ಹೊಸದು ತನ್ನಿ. ಆದರೆ ಜವಾಬ್ದಾರರ ಹೆಸರು, ಕೊನೆಗೆ ಪರಿಶೀಲಿಸಿದ ತಾರೀಕು ಇಲ್ಲದ ಒಂದು ಪುಟವೂ ಅಲ್ಲಿಗೆ ಹೋಗಬಾರದು. ಹಾಗಾದರೆ ಲಾಂಚ್ ತಡವಾಗುತ್ತದಲ್ಲ ಅಂದರು. ಆಗುತ್ತದೆ ಅಂದೆ. ಇನ್ನೂ ಒಪ್ಪಿಲ್ಲ.

ಸದ್ಯಕ್ಕೆ ದಿನಾ ಸಂಜೆ ನಾಲ್ಕಕ್ಕೆ ಚಹಾ ಹಿಡಿದು ಕಾಕಾರ ಪಕ್ಕ ಕೂರುತ್ತೇನೆ. ಅವರು ಡೈರಿ ಓದುತ್ತಾರೆ, ನಾನು ಟೈಪ್ ಮಾಡುತ್ತೇನೆ. ನಿನ್ನೆ ‘ಪ್ಲಂಬರ್’ವರೆಗೆ ಬಂದಿದ್ದೇವೆ.